ಮೊದಲ ಗುಂಡು ನನ್ನದು

ಆಟ ಬಿಟ್ಟ ಮೇಲೆ ನನ್ನ ಹತ್ತಿರ ಬರುವ ಹುಡುಗಿಯರು ಮೊದಲು ಕೇಳುವುದು ಪದಕಗಳ ಬಗ್ಗೆ. ಆಮೇಲೆ ಕೇಳುವುದು ವಿಮಾನದಲ್ಲಿ ಊಟ ಹೇಗಿರುತ್ತದೆ ಎಂದು. ಎರಡಕ್ಕೂ ನನ್ನ ಉತ್ತರ ಚಿಕ್ಕದು: ಪದಕಗಳು ಕಪಾಟಿನಲ್ಲಿವೆ, ಊಟಕ್ಕೆ ಖಾರ ಇರುವುದಿಲ್ಲ. ಈ ಕೆಲಸದಲ್ಲಿ ನೀವು ದಿನವಿಡೀ ನಿಜವಾಗಿ ಏನು ಮಾಡುತ್ತಿದ್ದಿರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಕುರ್ಚಿ ಎಳೆದು ಕೂಡಿಸಿ, ಚಹಾ ಕೊಟ್ಟು, ಸಂಜೆಯವರೆಗೆ ಹೇಳುತ್ತಿದ್ದೆ. ಕೇಳಲಿಲ್ಲವೆಂದು ನಾನು ಸುಮ್ಮನಿರುವ ಹೆಂಗಸಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಆಟದ ಹೆಸರು ಲಾನ್ ಬೌಲ್ಸ್. ಕತ್ತರಿಸಿ ಸಮಮಾಡಿದ ಹುಲ್ಲಿನ ಅಂಕಣದಲ್ಲಿ ಮೊದಲು ಒಂದು ಪುಟ್ಟ ಬಿಳಿ ಚೆಂಡನ್ನು ಆಚೆ ತುದಿಗೆ ಉರುಳಿಸುತ್ತಾರೆ. ಅದು ಜ್ಯಾಕ್. ಆಮೇಲೆ ಎರಡೂ ಕಡೆಯವರು ಸರದಿಯಂತೆ ದೊಡ್ಡ ಗುಂಡುಗಳನ್ನು ಉರುಳಿಸುತ್ತಾರೆ. ಯಾರ ಗುಂಡು ಜ್ಯಾಕ್‌ಗೆ ಹತ್ತಿರ ನಿಲ್ಲುತ್ತದೋ ಅವರಿಗೆ ಅಂಕ. ಕೇಳಲು ಸುಲಭ. ಆದರೆ ಆ ಗುಂಡು ನೆಟ್ಟಗೆ ಹೋಗುವ ಜಾತಿಯದಲ್ಲ. ಅದರ ಒಂದು ಮಗ್ಗುಲನ್ನು ಬೇಕೆಂದೇ ಸ್ವಲ್ಪ ಬೇರೆ ಆಕಾರದಲ್ಲಿ ಮಾಡಿರುತ್ತಾರೆ, ವೇಗ ಇಳಿದಂತೆಲ್ಲ ಆ ಕಡೆಗೆ ಬಾಗುತ್ತಾ ಹೋಗುತ್ತದೆ. ಎಡಕ್ಕೆ ಬೇಕಾದರೆ ಬಲಕ್ಕೆ ಬಿಡಬೇಕು. ಗುಂಡನ್ನು ತಿರುಗಾಮುರುಗಾ ಹಿಡಿದು ಬಿಟ್ಟರೆ ಅದು ಪಕ್ಕದ ಅಂಕಣಕ್ಕೆ ನುಗ್ಗಿ ಬೇರೆ ಎರಡು ದೇಶದವರ ಆಟ ಕೆಡಿಸುತ್ತದೆ. ನಾನೂ ಕೆಡಿಸಿದ್ದೇನೆ. ಆ ಆಟಗಾರ್ತಿಯರು ಬಹಳ ನಯವಾಗಿ ನಕ್ಕು ನನ್ನ ಗುಂಡನ್ನು ವಾಪಸ್ಸು ತಂದುಕೊಟ್ಟರು, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾಲ್ವರ ತಂಡದಲ್ಲಿ ಮೊದಲು ಉರುಳಿಸುವವಳನ್ನು ಲೀಡ್ ಎನ್ನುತ್ತಾರೆ, ಕೊನೆಯವಳು ಸ್ಕಿಪ್. ಸ್ಕಿಪ್ ಅಂದರೆ ಮನೆಯ ಯಜಮಾನಿ ಇದ್ದಂತೆ, ಅವಳು ಹೇಳಿದ್ದೇ ನಡೆಯಬೇಕು. ನಾನು ಲೀಡ್. ಮೊದಲಿನಿಂದ ಕೊನೆಯವರೆಗೂ ಲೀಡ್. ಚಾಪೆ ಹಾಸುವುದು, ಜ್ಯಾಕ್ ಉರುಳಿಸುವುದು, ನನ್ನ ಎರಡು ಗುಂಡು ಬಿಡುವುದು, ಆಮೇಲೆ ಹಿಂದೆ ಸರಿದು ಬಾಯಿ ಮುಚ್ಚಿಕೊಂಡು ನಿಲ್ಲುವುದು. ಪತ್ರಿಕೆಯವರು ಫೋಟೊ ತೆಗೆಯುವ ಹೊತ್ತಿಗೆ ಲೀಡ್‌ನ ಕೆಲಸ ಮುಗಿದು ಅರ್ಧ ಗಂಟೆಯಾಗಿರುತ್ತದೆ.

ಈ ಆಟಕ್ಕೆ ನಾನು ಬಂದದ್ದು ಹೆಗಲು ಕೆಟ್ಟಿದ್ದರಿಂದ. ತವರು ಗಂಗಾವತಿ ತಾಲ್ಲೂಕಿನ ಹೇಮಗುಡ್ಡದ ಹತ್ತಿರದ ಹಳ್ಳಿ. ಶಾಲೆಯಲ್ಲಿ ಗುಂಡು ಎಸೆತದಲ್ಲಿ ಹೆಸರು ಮಾಡಿದ್ದೆ, ಅದರಿಂದಲೇ ಮುನಿರಾಬಾದಿನ ಅಣೆಕಟ್ಟಿನ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಹೆಗಲಿನ ನೋವು ವಾಸಿಯಾಗದಿದ್ದಾಗ ಎಸೆಯುವುದು ನಿಂತುಹೋಯಿತು. ಆಗ ನಾಗರಾಜ ಸರ್ ಸಿಕ್ಕರು. ಬಳ್ಳಾರಿ ಕಡೆಯವರು, ಹಿಂದೆ ಹಾಕಿ ಆಡಿದವರು, ರಾಜ್ಯದಲ್ಲಿ ಯಾರೂ ಕೇಳರಿಯದ ಈ ಆಟಕ್ಕೆ ಹುಡುಗಿಯರನ್ನು ಹುಡುಕುತ್ತಾ ಊರೂರು ಸುತ್ತುತ್ತಿದ್ದರು. ಕಚೇರಿಯ ಜಗುಲಿಯಲ್ಲಿ ನಿಂತು ನನ್ನ ಕೈಗೆ ಒಂದು ಗುಂಡು ಕೊಟ್ಟು, "ಒಗಿಯಾಕ ಬರೂದಿಲ್ಲಂದ್ರ ಉಳ್ಳಿಸಾಕರ ಬರ್ತೈತಲ್ಲವಾ?" ಎಂದರು. ಜಗುಲಿಯ ಮೇಲೆ ಉರುಳಿಸಿದೆ. ಅದು ಬಾಗಿ ಬಾಗಿ ಹೋಗಿ ಸಾಹೇಬರ ಕೋಣೆಯೊಳಗೇ ನುಗ್ಗಿತು. ಒಳಗಿನಿಂದ ಬೈಗುಳ ಬಂತು, ನಾನು ಆ ಬಾಗುವಿಕೆಗೆ ಮರುಳಾಗಿಬಿಟ್ಟಿದ್ದೆ.

ಊರಲ್ಲಿ ಸುದ್ದಿ ಹರಡಿತು. "ಗೋಲಿ ಆಡಾಕ ವಿಮಾನ ಹತ್ತಿ ಹೊಂಟಾಳಂತ ಹುಲಿಗೆವ್ವ," ಎಂದು ನಕ್ಕರು. ನಗಲಿ ಬಿಡಿ. ನಮ್ಮ ಮನೆಯವರು ಮಾತ್ರ ನಗಲಿಲ್ಲ, ಏಕೆಂದರೆ ನಾನು ಶಿಬಿರಕ್ಕೆ ಹೋದಾಗಲೆಲ್ಲ ಅಡುಗೆ ಅವರ ಪಾಲಿಗೆ ಬರುತ್ತಿತ್ತು. ನನ್ನ ಆಟದ ಲಾಭ ಯಾರಿಗೆ ಆಯಿತೋ ಗೊತ್ತಿಲ್ಲ, ಅವರು ಮಾಡುವ ಪುಂಡಿಪಲ್ಯ ಈಗ ನನ್ನದಕ್ಕಿಂತ ರುಚಿ.

ಆಡಲು ಜಾಗವೇ ಇರಲಿಲ್ಲ. ಹುಲ್ಲಿನ ಅಂಕಣ ಇದ್ದದ್ದು ದೂರದ ಶಿಬಿರಗಳಲ್ಲಿ. ಅಣೆಕಟ್ಟಿನ ಕಾಲೊನಿಯ ಹುಲ್ಲುಹಾಸಿನ ಮೇಲೆ ಉರುಳಿಸಿದರೆ ಮಾಲಿ ಪೈಪು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದ. ಕೊನೆಗೆ ನನಗೆ ದಾರಿ ಹೊಳೆದದ್ದು ತವರಿನ ಹೊಲದಲ್ಲಿ. ನಮ್ಮ ಕಡೆ ಈಗ ಭತ್ತವನ್ನು ಯಂತ್ರವೇ ಕೊಯ್ದು ಒಕ್ಕಿಬಿಡುತ್ತದೆ, ಕಣ ಮಾಡುವವರೇ ಇಲ್ಲ. ಅತ್ತಿಗೆ ನೀಲವ್ವ ಮಾತ್ರ ಮನೆಯ ಮಟ್ಟಿಗೆ ಬೆಳೆದ ಅಲಸಂದಿ, ಹೆಸರು ಬಡಿಯಲು ವರ್ಷಕ್ಕೊಮ್ಮೆ ಕಣ ಮಾಡುತ್ತಿದ್ದರು. ನೆಲಕ್ಕೆ ನೀರು ಹೊಡೆದು, ಕಲ್ಲಿನ ಗುಂಡು ಎಳೆದು ಗಟ್ಟಿಮಾಡಿ, ಸಗಣಿ ಬಳಿದು ಒಣಗಿಸಿದ ಅಂಗಳ. ಅದರ ಮೇಲೆ ಒಮ್ಮೆ ಗುಂಡು ಉರುಳಿಸಿ ನೋಡಿದೆ. ಸದ್ದಿಲ್ಲದೆ ಜಾರಿ ಹೋಯಿತು.

"ಅತ್ತಿಗಿ, ಈ ಸಲ ಕಣ ಉದ್ದ ಮಾಡೂಣು," ಎಂದೆ.

"ಉದ್ದ ಅಂದ್ರ ಎಷ್ಟಬೇ?"

ನಾನು ಹೆಜ್ಜೆ ಹಾಕಿ ತೋರಿಸಿದೆ. ದನದ ಕೊಟ್ಟಿಗೆಯಿಂದ ಕಾಲುವೆಯ ದಂಡೆಯವರೆಗೆ ಹೋದೆ. ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಕಣ ಅಂದ್ರ ದುಂಡಗ ಇರ್ತೈತಿ. ನಟ್ಟನಡುವ ಮೇಟಿ ಕಂಬ ಇರ್ತೈತಿ. ಇದೇನು, ರೈಲು ನಿಲ್ಲಸ್ತಿಯೇನು? ಊರಾಗ ನನ್ನ ಮಾನ ಉಳಿತೈತಾ?"

"ಮಾನ ನನ್ನ ಕಡಿ ಹಾಕ್ರಿ. ಶಗಣಿ ನಿಮ್ಮ ಕಡಿ ಇರ್ಲಿ."

ಬೈಯುತ್ತಲೇ ಬಳಿದರು. ಪುಣ್ಯಾತ್ಗಿತ್ತಿ, ಮುಂದೆ ಪ್ರತಿ ವರ್ಷ ಬಳಿದರು. ಅಣ್ಣ ಒಂದು ತುದಿಯಲ್ಲಿ ಕೊಡ ನೀರು ಸುರಿದು, ಅದು ಎತ್ತ ಓಡುತ್ತದೆ ಎಂದು ನೋಡಿ, ತಗ್ಗಿದ್ದಲ್ಲಿ ಮಣ್ಣು ತುಂಬುತ್ತಿದ್ದ. ನೋಡಲು ಜನ ಬಂದರು. ಯಲಬುರ್ಗಾ ಕಡೆಯಿಂದ, ತಳಕಲ್ಲಿನಿಂದ ಬಂದ ಬೀಗರು ಅದನ್ನು ಕಂಡು, ಹೊಸ ರಸ್ತೆ ಹೊರಟಿದೆಯೇನೋ, ಯಾರ ಹೊಲ ಹೋಯಿತೋ ಎಂದು ಗಾಬರಿಯಾದರು. ಕೋಳಿಗಳದ್ದೇ ದೊಡ್ಡ ಕಾಟ. ಗುಂಡು ನಿಲ್ಲುವ ಹೊತ್ತಿಗೆ ಸರಿಯಾಗಿ ಅಡ್ಡ ಬರುತ್ತಿದ್ದವು.

ಈ ಕಣದ ಅಭ್ಯಾಸ ನನ್ನನ್ನು ಮೊದಲ ವಿದೇಶ ಪ್ರವಾಸದಲ್ಲಿ ನಗೆಪಾಟಲು ಮಾಡಿತು. ನಮ್ಮಲ್ಲಿ ಚಪ್ಪಲಿ ಹಾಕಿಕೊಂಡು ಯಾರೂ ಕಣ ತುಳಿಯುವುದಿಲ್ಲ. ಆ ದೇಶದ ಅಂಕಣ ಅಷ್ಟು ಚೆಂದವಿತ್ತು, ನನಗೇ ಗೊತ್ತಿಲ್ಲದೆ ಅಂಚಿನಲ್ಲಿ ಬೂಟು ಬಿಚ್ಚಿಟ್ಟು, ಹುಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡು ಬರಿಗಾಲಲ್ಲಿ ಒಳಗೆ ನಡೆದುಬಿಟ್ಟೆ. ಬಿಳಿ ಕೂದಲಿನ ಎತ್ತರದ ಅಂಪೈರಮ್ಮ ಓಡಿಬಂದರು. ಚಪ್ಪಟೆ ಅಡಿಯ ಬೂಟಿಲ್ಲದೆ ಇಲ್ಲಿ ಆಡುವಂತಿಲ್ಲ. ನನಗೆ ಅವರ ಇಂಗ್ಲಿಷ್ ತಿಳಿಯಲಿಲ್ಲ, ಏನೋ ಮೈಲಿಗೆಯಾಯಿತೇನೋ ಎಂದು ಹೆದರಿ ಇನ್ನೊಮ್ಮೆ ಹುಲ್ಲಿಗೆ ನಮಸ್ಕಾರ ಮಾಡಿದೆ.

ನಮ್ಮ ಸ್ಕಿಪ್ ಮಹಾದೇವಿ ಆಚೆ ತುದಿಯಿಂದಲೇ ಕೂಗಿದಳು. ಅವಳು ಕುಷ್ಟಗಿಯವಳು, ಅಲ್ಲಿ ಶಾಲೆಯಲ್ಲಿ ಆಟದ ಟೀಚರು, ನನಗಿಂತ ಎಂಟು ಹತ್ತು ವರ್ಷ ಸಣ್ಣವಳು. "ಅಕ್ಕಾ, ಬೂಟು ಹಾಕ್ಕೋ! ಇದು ನಿಮ್ಮ ಅಣ್ಣನ ಕಣ ಅಲ್ಲ!"

"ಕಣಕ್ಕಿಂತ ನುಣುಪೈತಲ್ಲ, ತುಳಿಯಾಕ ಮನಸ ಹೆಂಗ ಬರ್ತೈತಿ?" ಎಂದೆ ನಾನು. ಮಹಾದೇವಿ ಅದನ್ನು ಅಂಪೈರಮ್ಮನಿಗೆ ತಿಳಿಸಿ ಹೇಳಿದಳು. ಆಕೆ ಒಂದು ಗಳಿಗೆ ನನ್ನ ಕಾಲನ್ನೇ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದೆ ಯಾವ ದೇಶದಲ್ಲಿ ಎದುರಾದರೂ ಮೊದಲು ನನ್ನ ಪಾದ ನೋಡಿ ಆಮೇಲೆ ಮುಖ ನೋಡುತ್ತಿದ್ದರು.

ದೇಶದ ತಂಡದ ನಾಲ್ವರಲ್ಲಿ ಉಳಿದಿಬ್ಬರು ಜಾರ್ಖಂಡಿನ ಸುನೀತಾ ಮತ್ತು ಅಸ್ಸಾಮಿನ ಮೃದುಲಾ. ಅವರಿಗೆ ಕನ್ನಡವಿಲ್ಲ, ನನ್ನ ಹಿಂದಿ ದೇವರಿಗೇ ಪ್ರೀತಿ. ಒಮ್ಮೆ ಆಟದಲ್ಲಿ ನಮ್ಮ ಮೊದಲ ಅಂಕ ಬಂದಾಗ ನಾನು "ಲಾಭ" ಎಂದು ಕೂಗಿದೆ. ರಾಶಿ ಅಳೆಯುವಾಗ ನಾವು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ, ಎರಡರಿಂದ ಎಣಿಕೆ. ಸುನೀತಾ ಕಣ್ಣರಳಿಸಿದಳು. ಅವರೂರಲ್ಲೂ ಧಾನ್ಯ ಅಳೆಯುವಾಗ ಒಂದು ಎನ್ನುವುದಿಲ್ಲವಂತೆ, ರಾಮ ಎನ್ನುತ್ತಾರಂತೆ. ಅಂದಿನಿಂದ ನಮ್ಮ ತಂಡದ ಮೊದಲ ಅಂಕಕ್ಕೆ ನಾಲ್ವರೂ ಸೇರಿ ಲಾಭ ಎಂದೇ ಕೂಗುತ್ತಿದ್ದೆವು. ಎದುರಾಳಿಗಳು ಅದೇನೋ ಗುಟ್ಟಿನ ಉಪಾಯವೆಂದು ತಿಳಿದು ತಲೆ ಕೆಡಿಸಿಕೊಂಡರು.

ವಿಮಾನ ನಿಲ್ದಾಣದ ಗೋಳು ಹೇಳದಿದ್ದರೆ ಈ ಕೆಲಸದ ಅರ್ಧ ಬಿಟ್ಟಂತೆ. ಗುಂಡುಗಳನ್ನು ಕೈಚೀಲದಲ್ಲಿ ಇಟ್ಟರೆ ಯಂತ್ರದ ಪರದೆಯ ಮೇಲೆ ಎರಡು ಕಪ್ಪು ಬಾಂಬು ಕಾಣುತ್ತವೆ. ಒಮ್ಮೆ ಅವುಗಳ ಪಕ್ಕದಲ್ಲೇ ಅತ್ತಿಗೆ ಕಟ್ಟಿಕೊಟ್ಟ ಒಣ ಜೋಳದ ರೊಟ್ಟಿಯ ಗಂಟೂ ಇತ್ತು. ತಪಾಸಣೆಯ ಅಧಿಕಾರಿ ಗುಂಡು ಬಿಟ್ಟು ರೊಟ್ಟಿಯನ್ನೇ ತಟ್ಟಿ ತಟ್ಟಿ ನೋಡಿದ. ಗುಂಡು ಏನಕ್ಕೆ ಎಂದು ಕೇಳಿದಾಗ ನಾನು ಅಲ್ಲೇ ನೆಲದ ಮೇಲೆ ಉರುಳಿಸಿ ತೋರಿಸಿದೆ. ಅದು ಸಾಲಿನಲ್ಲಿ ನಿಂತವರನ್ನೆಲ್ಲ ಬಳಸಿಕೊಂಡು ಹೋಗಿ ಸರಿಯಾಗಿ ಅವನ ಕುರ್ಚಿಯ ಕೆಳಗೆ ನಿಂತಿತು. ಸಾಲಿನವರು ಚಪ್ಪಾಳೆ ತಟ್ಟಿದರು. ನನ್ನ ಮೊದಲ ಅಂತಾರಾಷ್ಟ್ರೀಯ ಚಪ್ಪಾಳೆ ಅದೇ.

ಈಗಿನವರು ಪ್ರತಿ ಗುಂಡನ್ನೂ ಫೋನಿನಲ್ಲಿ ಚಿತ್ರ ತೆಗೆದು, ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. ಹುಲ್ಲಿನ ಬದಲು ಕಾರ್ಪೆಟ್ಟಿನ ಅಂಕಣಗಳೂ ಬಂದಿವೆ. ಒಳ್ಳೆಯದೇ. ನಮಗೆ ತಂಡದ ಕೋಚ್ ನಾಗರಾಜ ಸರ್ ಕಣ್ಣೇ ಕ್ಯಾಮೆರಾ. ಅವರ ಬಾಯಿಂದ ಶಹಬ್ಬಾಸ್ ಬಂದದ್ದನ್ನು ಕೇಳಿದವರಿಲ್ಲ. ಬಿಸಿಲಲ್ಲಿ ಛತ್ರಿ ಹಿಡಿದು ನಿಂತು, ಚೆನ್ನಾಗಿ ಆಡಿದರೆ ಛತ್ರಿ ಮಡಚುತ್ತಿದ್ದರು, ಕೆಟ್ಟದಾಗಿ ಆಡಿದರೆ ಬಿಚ್ಚುತ್ತಿದ್ದರು. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಆಟ ನಡೆಯುವಾಗ ಸ್ಕಿಪ್‌ಗೆ ದಾರಿ ಹೇಳುವವಳು ಅವಳಿಗಿಂತ ಮೊದಲು ಆಡಿದ ಮೂರನೆಯವಳು ಮಾತ್ರ. ನಮ್ಮಲ್ಲಿ ಅದು ಮೃದುಲಾ. "ಲೀಡ್ ಆದಾಕಿ ಗುಂಡು ಬಿಟ್ಟ ಮ್ಯಾಲ ಗೋಡಿ ಇದ್ದಂಗ ಇರಬೇಕು. ನಾಲ್ಕು ಬಾಯಿ ಒಮ್ಮೆ ಬಿಚ್ಚಿದ್ರ ಗುಂಡು ಯಾವ ಕಡಿ ಹೋಗಬೇಕು?" ಎನ್ನುತ್ತಿದ್ದರು. ನನ್ನ ಬಾಯಿ ಬಲ್ಲವರಿಗೆ ಗೊತ್ತು, ಇದು ನನಗೆ ಎಂಥ ಶಿಕ್ಷೆ ಎಂದು. ಆದರೂ ವರ್ಷಗಟ್ಟಲೆ ಗೋಡೆಯಾಗಿದ್ದೆ.

ಈಗ ನ್ಯೂಜಿಲೆಂಡಿನ ಪ್ರವಾಸಕ್ಕೆ ಬರುತ್ತೇನೆ. ಹೊರಡುವ ಹಿಂದಿನ ದಿನ ಸರ್ ನಮ್ಮನ್ನು ಕೂಡಿಸಿಕೊಂಡರು. ಛತ್ರಿ ಬಿಚ್ಚಿಯೂ ಇರಲಿಲ್ಲ, ಮಡಚಿಯೂ ಇರಲಿಲ್ಲ.

"ಸಂಘದ ಮ್ಯಾಲಿನವರು ಹೇಳ್ಯಾರವಾ. ನಾಲ್ಕು ಮಂದಿ ತಂಡಕ್ಕ ಖರ್ಚು ಭಾಳ, ಪದಕ ಇಲ್ಲ. ಈ ಸಲ ಗೆದ್ದು ಬಂದ್ರ ಸರಿ. ಇಲ್ಲಂದ್ರ ಮುಂದಿನ ವರ್ಷದಿಂದ ಒಬ್ಬೊಬ್ಬರ ಆಟ, ಇಬ್ಬರ ಆಟ ಅಷ್ಟ."

ಅದನ್ನೇ ಸುನೀತಾ, ಮೃದುಲಾಗೆ ಹಿಂದಿಯಲ್ಲೂ ಹೇಳಿದರು. ಮಹಾದೇವಿ ಇಬ್ಬರ ಆಟಕ್ಕೆ ಹೋಗಬಲ್ಲಳು, ಮೃದುಲಾ ಒಂಟಿಯಾಗಿಯೇ ಆಡಬಲ್ಲಳು. ಸುನೀತಾ ಮತ್ತು ನಾನು ನಾಲ್ವರ ಆಟಕ್ಕೆಂದೇ ತಯಾರಾದವರು. ನಾಲ್ವರ ತಂಡ ಹೋದರೆ ನಮ್ಮಿಬ್ಬರ ಆಟ ಅಂದಿಗೇ ಮುಗಿದಂತೆ. ಈ ಕೆಲಸ ನನ್ನ ಕೈತಪ್ಪಿ ಹೋಗುತ್ತದೆ ಎಂದು ಸಂಕಟವಾಯಿತು. ಅಷ್ಟು ಸಂಕಟ ಹೆಗಲು ಕೆಟ್ಟಾಗಲೂ ಆಗಿರಲಿಲ್ಲ.

ಅಲ್ಲಿ ಇಳಿದು ಅಭ್ಯಾಸಕ್ಕೆ ನಿಂತ ಮೊದಲ ದಿನವೇ ನನ್ನ ಮುಖ ಅರಳಿತು. ನಮ್ಮ ದೇಶದ ಶಿಬಿರದ ಹುಲ್ಲು ದಪ್ಪ, ಗುಂಡು ಓಡಬೇಕಾದರೆ ತೋಳಿನ ಬಲ ಹಾಕಬೇಕು. ಅಲ್ಲಿಯ ಹುಲ್ಲು ಇದ್ದೂ ಇಲ್ಲದಂತೆ, ಗುಂಡು ಬಿಟ್ಟರೆ ನಿಲ್ಲುವುದೇ ಇಲ್ಲ. ಉಳಿದ ಮೂವರೂ ಬಿಟ್ಟ ಗುಂಡುಗಳೆಲ್ಲ ಆಚೆ ತುದಿಯ ಕಾಲುವೆಗೆ ಬಿದ್ದವು. ಅಂಕಣದ ಸುತ್ತ ಒಂದು ಸಣ್ಣ ಕಾಲುವೆಯಂಥ ತಗ್ಗು ಇರುತ್ತದೆ, ನಾವು ಅದನ್ನು ಕಾಲುವೆ ಎಂದೇ ಕರೆಯುತ್ತಿದ್ದೆವು. ನನ್ನ ಗುಂಡು ಮಾತ್ರ ಜ್ಯಾಕ್‌ನ ಮಗ್ಗುಲಲ್ಲಿ ಹೋಗಿ ಕೂತಿತು.

"ಅಕ್ಕಾ, ಹೆಂಗ ಬಿಟ್ಟಿ?" ಎಂದಳು ಮಹಾದೇವಿ.

"ಇದು ನೀಲವ್ವನ ಕಣ ಇದ್ದಂಗ ಐತಿ. ಕೈ ಬೀಸಬ್ಯಾಡ್ರಿ, ಸುಮ್ನ ಕೈಯಿಂದ ಜಾರಿಸಿ ಬಿಡ್ರಿ."

ಆ ದಿನವೆಲ್ಲ ನಾನೇ ಮಾಸ್ತರ್ತಿ. ಸರ್ ಛತ್ರಿ ಮಡಚಿ ನೋಡುತ್ತಾ ನಿಂತರು. ಮುಂದಿನ ಪಂದ್ಯಗಳಲ್ಲಿ ನಮ್ಮ ಕೈ ಕುದುರಿತು, ನನ್ನ ಮೊದಲ ಗುಂಡು ಜ್ಯಾಕ್ ಬಿಟ್ಟು ದೂರ ಹೋಗಲೇ ಇಲ್ಲ ಎಂದರೂ ನಡೆದೀತು. ಜಂಬ ಎಂದುಕೊಳ್ಳಿ, ನನಗೇನೂ ಬೇಸರವಿಲ್ಲ. ಫೈನಲ್‌ಗೆ ಬಂದೆವು. ಎದುರಾಳಿ ಆ ದೇಶದವರೇ. ಅವರು ಹುಟ್ಟಿದ್ದೇ ಆ ಹುಲ್ಲಿನ ಮೇಲೆ.

ಕೊನೆಯ ಸುತ್ತಿಗೆ ಬರುವಾಗ ಅಂಕ ಸರಿಸಮ. ನಾನು ಚಾಪೆ ಹಾಸಿ, ಜ್ಯಾಕ್ ಅನ್ನು ಆದಷ್ಟು ದೂರ, ಆಚೆ ಕಾಲುವೆಯ ಹತ್ತಿರಕ್ಕೇ ಉರುಳಿಸಿದೆ. ಮೊದಲ ಗುಂಡು ಬಿಟ್ಟೆ. ಬಿಟ್ಟ ಕೂಡಲೇ ಗೊತ್ತಾಯಿತು, ಕೈ ಒಂದಿಷ್ಟು ಜೋರಾಗಿತ್ತು. ಗುಂಡು ಜ್ಯಾಕ್‌ನ ಕೆನ್ನೆ ಸವರಿ, ಅದನ್ನು ಅಲುಗಿಸಿಯೂ ಅಲುಗಿಸದಂತೆ ದಾಟಿ, ಕಾಲುವೆಗೆ ಬಿತ್ತು. ಜನ ಅಯ್ಯೋ ಎಂದರು. ಜ್ಯಾಕ್ ಮುಟ್ಟಿದ ಗುಂಡು ಕಾಲುವೆಗೆ ಬಿದ್ದರೂ ಆಟದಲ್ಲಿ ಉಳಿಯುತ್ತದೆ, ಅದಕ್ಕೊಂದು ಸುಣ್ಣದ ಗುರುತು ಹಾಕಬೇಕು. ಆ ತುದಿಯಲ್ಲಿದ್ದ ಮಹಾದೇವಿ ಬಗ್ಗಿ ಗುರುತು ಹಾಕಿದಳು. ನನ್ನ ಎರಡನೆಯ ಗುಂಡು ಪರವಾಗಿಲ್ಲ ಎನ್ನುವಂತೆ ನಿಂತಿತು, ಆದರೆ ಎದುರಾಳಿಗಳು ಅದನ್ನು ಬಡಿದು ಓಡಿಸಿದರು. ಸುನೀತಾ, ಮೃದುಲಾ ಏನೇ ಮಾಡಿದರೂ ಅವರ ಎರಡು ಗುಂಡು ಜ್ಯಾಕ್‌ಗೆ ಅಂಟಿಕೊಂಡೇ ಕೂತವು, ಮುಂದೆ ಇನ್ನೆರಡು ಬೇಲಿ ಕಟ್ಟಿದಂತೆ ನಿಂತವು. ಉಳಿದದ್ದು ಮಹಾದೇವಿಯ ಕೊನೆಯ ಗುಂಡು ಒಂದೇ.

ತನ್ನ ಸರದಿಗೆ ಅವಳು ಈ ತುದಿಯ ಚಾಪೆಗೆ ಬಂದಿದ್ದಳು. ಆಡಿ ಮುಗಿಸಿದ ನಾವು ಮೂವರು ಆಚೆ ತುದಿಯಲ್ಲಿ. ಮೃದುಲಾ ಎರಡೂ ಕೈ ಚಾಚಿ ದಾರಿ ತೋರಿಸಿದಳು: ಬಲಗಡೆಯಿಂದ ಬಳಸಿ, ಮೆಲ್ಲಗೆ ಬಾಗಿಸಿ, ಆ ಎರಡರ ನಡುವೆ ತೂರಿಸು ಎಂದು. ಅಲ್ಲಿ ಒಂದು ನಿಂಬೆಹಣ್ಣು ತೂರುವಷ್ಟೂ ಜಾಗವಿರಲಿಲ್ಲ.

ನಾನು ಕಾಲುವೆಯ ದಂಡೆಯ ಮೇಲೆ ನಿಂತಿದ್ದೆ. ಗೋಡೆಯಂತೆ. ಕೆಳಗೆ ನೋಡಿದೆ. ನನ್ನ ಮೊದಲ ಗುಂಡು ಸುಣ್ಣದ ಬೊಟ್ಟು ಇಟ್ಟುಕೊಂಡು ಕಾಲುವೆಯಲ್ಲಿ ಮಲಗಿತ್ತು. ಜ್ಯಾಕ್ ಅದರ ನೇರಕ್ಕೇ ಇತ್ತು. ಮುಂದಿನ ಬೇಲಿಗೂ ಒಂದು ಕಿಂಡಿ ಇತ್ತು, ಮೆಲ್ಲಗೆ ಬಾಗಿ ಬರುವ ಗುಂಡಿಗೆ ಅದು ಸಾಲದು, ರಭಸವಾಗಿ ನೆಟ್ಟಗೆ ಬರುವ ಗುಂಡಿಗೆ ಸಾಕು. ಹತ್ತಿರ ನಿಲ್ಲಿಸಲು ಯಾಕೆ ಒದ್ದಾಡಬೇಕು? ಜ್ಯಾಕ್ ಕಾಲುವೆಗೆ ಬಿದ್ದರೂ ಅಂಕದ ಅಳತೆ ಅಲ್ಲಿಂದಲೇ. ಜ್ಯಾಕ್ ಅನ್ನೇ ಕಾಲುವೆಗೆ ಕೆಡವಿದರೆ ಅದು ನನ್ನ ಗುಂಡಿನ ಮಡಿಲಿಗೆ ಬೀಳುತ್ತದೆ, ಅವರ ಗುಂಡುಗಳು ಮೇಲೆ ಹುಲ್ಲಿನಲ್ಲಿ ದೂರ ಉಳಿಯುತ್ತವೆ. ಮೃದುಲಾಗೆ ಹೇಳೋಣವೆಂದರೆ ನನ್ನ ಹಿಂದಿ ಬಾಯಿಗೆ ಬರಲೇ ಇಲ್ಲ. ಆಚೆ ಸರ್ ಛತ್ರಿ ಹಿಡಿದು ನಿಂತಿದ್ದರು. ಮಹಾದೇವಿ ಗುಂಡು ಹಿಡಿದು ಬಗ್ಗಿದಳು.

"ಮಾದೇವೀ! ತಡಿ!" ಎಂದು ಕೂಗಿಬಿಟ್ಟೆ. ಹೊಲದ ಈ ತುದಿಯಿಂದ ಆ ತುದಿಗೆ ಕೂಗುವ ದನಿ ಅದು. ಮೈದಾನವೆಲ್ಲ ತಿರುಗಿ ನೋಡಿತು. "ಸುತ್ತಿ ಬರಬ್ಯಾಡ! ನೆಟ್ಟಗ ಬಡಿ! ಬಿಳೀದನ್ನ ಕಾಲಿವಿಗೆ ಕೆಡವು! ನಂದು ಅಲ್ಲೇ ಐತಿ!"

ಎದುರಾಳಿಗಳಿಗೆ ಒಂದಕ್ಷರ ತಿಳಿಯಲಿಲ್ಲ. ಮೃದುಲಾಗೂ ತಿಳಿಯಲಿಲ್ಲ, ಆದರೆ ನನ್ನ ಬೆರಳು ಕಾಲುವೆಯ ಕಡೆ ಇದ್ದದ್ದನ್ನು ನೋಡಿ, ಬಗ್ಗಿ ಕೆಳಗೆ ನೋಡಿ, ಚಾಚಿದ ಕೈಗಳನ್ನು ಇಳಿಸಿಬಿಟ್ಟಳು. ಸರ್ ಛತ್ರಿ ಪಟ್ಟನೆ ಬಿಚ್ಚಿಕೊಂಡಿತು. ಮಹಾದೇವಿ ಎದ್ದು ನಿಂತು ನನ್ನನ್ನು ನೋಡಿದಳು.

"ಖರೇನಾ ಅಕ್ಕಾ?"

"ಖರೇ. ಬಡಿ!"

ಅವಳು ಬಡಿದಳು. ಆ ಗುಂಡು ಬಂದ ರಭಸ ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ. ಕಿಂಡಿಯಲ್ಲಿ ತೂರಿ, ಜ್ಯಾಕ್‌ನ ನೆತ್ತಿಗೆ ಹೊಡೆಯಿತು. ಬಿಳಿ ಚೆಂಡು ಹಾರಿ ಕಾಲುವೆಗೆ ಬಿದ್ದು, ದಡಕ್ಕೆ ತಾಗಿ, ಹಿಂದಕ್ಕೆ ಹೊರಳಿ, ನನ್ನ ಗುಂಡಿನ ಪಕ್ಕ ಒಂದು ಗೇಣು ದೂರದಲ್ಲಿ ನಿಂತಿತು. ಅಂಪೈರಮ್ಮ ಬಗ್ಗಿ ಸುಣ್ಣದ ಗುರುತು ನೋಡಿದರು, ಅಳೆಯುವ ಪಟ್ಟಿ ತೆಗೆಯುವ ಗೋಜಿಗೂ ಹೋಗಲಿಲ್ಲ. ನಮ್ಮ ಕಡೆ ಕೈ ತೋರಿಸಿದರು.

"ಲಾಭ!" ಎಂದು ಸುನೀತಾ ಕಿರುಚಿದಳು. ಮಹಾದೇವಿ ಅಂಕಣದ ಉದ್ದಕ್ಕೂ ಓಡಿಬಂದು ನನ್ನನ್ನು ಎತ್ತಿದಳು, ನಾನೇನು ಹಗುರ ಹೆಂಗಸಲ್ಲ, ಇಬ್ಬರೂ ಬಿದ್ದೆವು. ಎದುರಾಳಿಗಳ ಸ್ಕಿಪ್ ಬಂದು ಕೈ ಕೊಟ್ಟು ನಮ್ಮನ್ನು ಎಬ್ಬಿಸಿದಳು. ನಾನು ಅಳುತ್ತಿದ್ದೆ. ಗೆದ್ದಿದ್ದೆವು, ನಾಲ್ವರೂ ಉಳಿದಿದ್ದೆವು, ಅಷ್ಟೇ ಗೊತ್ತು.

ಸರ್ ಹತ್ತಿರ ಬಂದರು. ನಾನು ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ. ಅವರು ಫೋನು ತೆಗೆದು ಸಂಘದ ಮೇಲಿನವರಲ್ಲಿದ್ದ ನಮ್ಮ ಕಡೆಯ ಸಾಹೇಬರಿಗೆ ಹಚ್ಚಿದರು. "ಹೌದ್ರಿ, ಗೆದ್ವಿ. ಹೌದ್ರಿ, ಬಂಗಾರದ್ದು," ಎಂದರು. ಆ ಕಡೆಯವರು ಏನೋ ಕೇಳಿದರು. ಸರ್ ನನ್ನನ್ನು ನೋಡಿ ಫೋನು ನನ್ನ ಕೈಗೆ ಕೊಟ್ಟರು.

"ಮುಂದಿನ ವರ್ಷದ್ದು ಕೇಳಾಕತ್ಯಾರ. ಹೆಂಗೂ ಬಾಯಿ ಬಿಚ್ಚೀದಿ, ನೀನ ಹೇಳು."

ಫೋನಿನಲ್ಲಿ ಮಾತಾಡಲು ಅಷ್ಟು ಗಟ್ಟಿ ದನಿ ಬೇಕಿರಲಿಲ್ಲ. ಆದರೂ ಹೊಲದ ದನಿಯಲ್ಲೇ ಹೇಳಿದೆ:

"ನಾಲ್ಕು ಟಿಕೀಟು ತಗಸ್ರಿ ಸಾಹೇಬ್ರ!"